ಜಗಳವಾಡಿ ಉಳಿದವರು, ನಗುನಗುತ್ತಾ ಹೋದವರು

ಇಂಗ್ಲೆಂಡಿಗೆ ಬಂದ ಹೊಸತು. ಮನೆ ಹತ್ತಿರದ ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ ಕಾಫಿ ಕೊಡುತ್ತಿದ್ದ ಅಜ್ಜಿಯೊಬ್ಬರು ಕೇಳಿದರು, "ನೀವು ನಿಮ್ಮೂರಲ್ಲಿ ಯಾವ ಸಭೆಯವರು? ಮೆಥೊಡಿಸ್ಟಾ, ಆಂಗ್ಲಿಕನ್ನಾ?" ನಾನು ಸ್ವಲ್ಪ ಯೋಚಿಸಿ, "ಎರಡೂ ಹೌದು. ಜೊತೆಗೆ ಕಾಂಗ್ರಿಗೇಶನಲ್ಲೂ ಹೌದು" ಅಂದೆ. ಅವರು ಜೋರಾಗಿ ನಕ್ಕುಬಿಟ್ಟರು. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡರು.

ತಮಾಷೆಯಲ್ಲ. ಇವೆಲ್ಲ ಪ್ರೊಟೆಸ್ಟೆಂಟ್ ಕ್ರೈಸ್ತರ ಬೇರೆ ಬೇರೆ ಪಂಗಡಗಳು. ನಮ್ಮೂರು ಚಿಕ್ಕಬಳ್ಳಾಪುರ. ಅಲ್ಲಿಗೆ ಬಂದವರು ಲಂಡನ್ ಮಿಷನ್‌ನವರು, ಅಂದರೆ ಹೆಚ್ಚಾಗಿ ಕಾಂಗ್ರಿಗೇಶನಲ್ ಪಂಗಡದವರು. ಆಸ್ಪತ್ರೆ ಕಟ್ಟಿದವರೂ ಅವರೇ. ಅಮ್ಮನ ತವರು ತುಮಕೂರಿನ ಪಕ್ಕದ ಗುಬ್ಬಿ. ಅಲ್ಲಿ 1830ರ ದಶಕದಿಂದಲೇ ವೆಸ್ಲಿಯನ್ ಮಿಷನ್ ಇತ್ತು. ಅಂದರೆ ಮೆಥೊಡಿಸ್ಟರು, ಅದೂ ಇಂಗ್ಲಿಷ್ ಮೆಥೊಡಿಸ್ಟರು. ನಮ್ಮ ಅತ್ತೆಯನ್ನು ಕೊಟ್ಟದ್ದು ಕೋಲಾರಕ್ಕೆ. ಅಲ್ಲಿದ್ದವರೂ ಮೆಥೊಡಿಸ್ಟರೇ, ಆದರೆ ಅಮೆರಿಕದವರು. ಇ.ಟಿ.ಸಿ.ಎಂ. ಆಸ್ಪತ್ರೆ ಅವರದೇ. ಒಂದು ಕಾಲಕ್ಕೆ ಈ ಮಿಷನ್‌ಗಳು ಊರೂರನ್ನೇ ಪಾಲು ಮಾಡಿಕೊಂಡಿದ್ದವು. ನಿಮ್ಮ ತಾತ ಯಾವ ಊರಿನಲ್ಲಿದ್ದರು ಅನ್ನುವುದರ ಮೇಲೆ ನಿಮ್ಮ ಪಂಗಡ ನಿಂತಿತ್ತು. ನಂಬಿಕೆಗಿಂತ ಬಸ್ ರೂಟೇ ಮುಖ್ಯ ಅಂತ ನಮ್ಮಪ್ಪ ನಗುತ್ತಿದ್ದರು.

1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಇವುಗಳಲ್ಲಿ ಹಲವು ಸೇರಿ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿ.ಎಸ್.ಐ., ಆಯಿತು. ದಕ್ಷಿಣದ ಆಂಗ್ಲಿಕನ್ನರು, ಇಂಗ್ಲಿಷ್ ಮೂಲದ ಮೆಥೊಡಿಸ್ಟರು, ಮತ್ತೆ 1908ರಲ್ಲೇ ತಮ್ಮೊಳಗೆ ಒಂದಾಗಿದ್ದ ಪ್ರೆಸ್ಬಿಟೇರಿಯನ್, ಕಾಂಗ್ರಿಗೇಶನಲ್ ಸಭೆಗಳು. ಅದು ಒಂದೇ ದಿನದಲ್ಲಿ ಆದ ಕೆಲಸವಲ್ಲ. 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಶುರುವಾದ ಮಾತುಕತೆ, 28 ವರ್ಷ ಎಳೆದಾಡಿತು. ಬಿಷಪ್ ಬೇಕೋ ಬೇಡವೋ, ಅವರ ಕೈಯಿಂದ ಅಭಿಷೇಕವಾಗದ ಅಯ್ಯನವರು, ಅಂದರೆ ಪಾದ್ರಿಗಳು, ಕರ್ತನ ಭೋಜನ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ವಿಧಿ) ಕೊಡಬಹುದೋ ಇಲ್ಲವೋ, ಇಂಥವೇ. ಮೊದಲಿನಿಂದ ಅದಕ್ಕಾಗಿ ಓಡಾಡಿದ ಬಿಷಪ್ ಅಜರಯ್ಯನವರು 1945ರಲ್ಲೇ ತೀರಿಕೊಂಡರು. ಒಂದಾದದ್ದನ್ನು ಅವರು ನೋಡಲಿಲ್ಲ. ಕೋಲಾರದ ಅತ್ತೆಯ ಸಭೆ ಈ ಒಕ್ಕೂಟಕ್ಕೆ ಸೇರಲೇ ಇಲ್ಲ, ಇವತ್ತಿಗೂ ಬೇರೆಯೇ. ಅತ್ತೆ ಹಬ್ಬಕ್ಕೆ ಬಂದಾಗಲೆಲ್ಲ "ನೀವು ಕಲಬೆರಕೆ, ನಾವು ಅಸಲಿ" ಅಂತ ಅಮ್ಮನನ್ನು ರೇಗಿಸುತ್ತಿದ್ದರು. ಅಮ್ಮ ಇನ್ನೊಂದು ಮುದ್ದೆ ಬಡಿಸಿ ಬಾಯಿ ಮುಚ್ಚಿಸುತ್ತಿದ್ದರು.

ಈಗ ನಾನಿರುವ ಊರಿನ ಕಥೆ ಕೇಳಿ. ಯಾರ್ಕ್‌ಶೈರ್‌ನ ಸಣ್ಣ ಊರು. ನಮ್ಮ ಬೀದಿಯ ಈ ತುದಿಗೆ ಮೆಥೊಡಿಸ್ಟ್ ಚಾಪೆಲ್, ಆ ತುದಿಗೆ ಆಂಗ್ಲಿಕನ್ ಚರ್ಚು. ನಡೆದರೆ ನಾಲ್ಕು ನಿಮಿಷ. ಗುಬ್ಬಿಗೆ ಜನ ಕಳಿಸಿದ ಸಭೆ ಮೊದಲನೆಯದು, ಬೆಂಗಳೂರಿಗೆ ಜನ ಕಳಿಸಿದ ಸಭೆ ಎರಡನೆಯದು. ಇವರು ಕಳಿಸಿದ ಕಡೆ ನಾವು ಒಂದಾದೆವು, ಇವರು ಮಾತ್ರ ತಮ್ಮ ಮನೆಯಲ್ಲಿ ಬೇರೆ ಬೇರೆ ಒಲೆ ಹೂಡಿಕೊಂಡೇ ಇದ್ದಾರೆ. ಪ್ರಯತ್ನ ಪಡಲಿಲ್ಲ ಅಂತಲ್ಲ. 1969ರಲ್ಲಿ ಒಮ್ಮೆ, 1972ರಲ್ಲಿ ಇನ್ನೊಮ್ಮೆ ಇಬ್ಬರನ್ನೂ ಸೇರಿಸುವ ಯೋಜನೆ ಮತದಾನಕ್ಕೆ ಬಂತು. ಮೆಥೊಡಿಸ್ಟರು ಒಪ್ಪಿದ್ದರು. ಆಂಗ್ಲಿಕನ್ನರ ಕಡೆ ಶೇ. 75ರಷ್ಟು ಮತ ಬೇಕಿತ್ತು, ಎರಡು ಸಲವೂ ಬರಲಿಲ್ಲ. ಕೊನೆಗೆ 2003ರಲ್ಲಿ ಒಂದು ಒಡಂಬಡಿಕೆಗೆ ಸಹಿ ಹಾಕಿದರು. ಅದು ಮದುವೆಯಲ್ಲ, ನಿಶ್ಚಿತಾರ್ಥ. ಇಪ್ಪತ್ತು ವರ್ಷ ದಾಟಿದರೂ ಛತ್ರ ಇನ್ನೂ ಗೊತ್ತಾಗಿಲ್ಲ.

ಇದನ್ನೆಲ್ಲ ಆ ಕಾಫಿ ಅಜ್ಜಿಗೆ ಹೇಳಿದಾಗ ಅವರು ನಗು ನಿಲ್ಲಿಸಿ ಕೇಳಿದರು, "ಹಾಗಾದರೆ ನಿಮ್ಮಲ್ಲಿ ಜಗಳವೇ ಇಲ್ಲವಾ?"

ಅಯ್ಯೋ, ಇಲ್ಲದೆ ಇರುತ್ತಾ?

ನಮ್ಮ ದೊಡ್ಡಪ್ಪ, ಚಿಕ್ಕಪ್ಪ ಮೂರು ವರ್ಷ ಮಾತಾಡಿರಲಿಲ್ಲ. ದ್ರಾಕ್ಷಿ ತೋಟದ ನಡುವೆ ಒಂದು ಬಾವಿ, ಅದಕ್ಕೊಂದು ಪಂಪ್‌ಸೆಟ್ಟು. ನೀರಿನ ಸರದಿ ಯಾರದು ಅನ್ನುವಲ್ಲಿ ಶುರುವಾದದ್ದು ಮುನ್ಸೀಫ್ ಕೋರ್ಟಿಗೆ ಹೋಯಿತು. ಊರೆಲ್ಲ ಗೊತ್ತು. ಅಯ್ಯನವರಿಗಂತೂ ಚೆನ್ನಾಗಿ ಗೊತ್ತು. ಒಂದು ಭಾನುವಾರ ಅವರು ಬೇಕು ಅಂತಲೇ ಬೈಬಲ್ಲಿನಲ್ಲಿ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 6ನೇ ಅಧ್ಯಾಯ ತೆಗೆದರು. ಸಹೋದರರು ಸಹೋದರರ ಮೇಲೆ ನ್ಯಾಯಾಲಯಕ್ಕೆ ಹೋಗುವುದೇ ನಿಮಗೆ ಸೋಲು ಅಂತ ಪೌಲ ಬೈಯುವ ಜಾಗ. ದೊಡ್ಡಪ್ಪ ತಲೆಯೆತ್ತಿ ತೊಲೆ ನೋಡುತ್ತಿದ್ದರು. ಚಿಕ್ಕಪ್ಪ ಚಪ್ಪಲಿ ನೋಡುತ್ತಿದ್ದರು.

ಆದರೆ ಇಬ್ಬರೂ ಕೂರುತ್ತಿದ್ದದ್ದು ಒಂದೇ ಬೆಂಚಿನಲ್ಲಿ. ಅದು ನಮ್ಮ ತಾತ ಕೂರುತ್ತಿದ್ದ ಬೆಂಚು. ಗಂಡಸರ ಕಡೆ, ಕಿಟಕಿ ಪಕ್ಕ, ಮೂರನೆಯದು. ಬಿಟ್ಟು ಬೇರೆ ಕಡೆ ಕೂತರೆ ಸೋತ ಹಾಗೆ ಅಂತ ಇಬ್ಬರಿಗೂ ಹಟ. ಊರಲ್ಲಿ ಇನ್ನೊಂದು ಕನ್ನಡ ಸಭೆ ಇದ್ದಿದ್ದರೆ ಇಬ್ಬರಲ್ಲೊಬ್ಬರು ಅಲ್ಲಿಗೆ ಹೋಗುತ್ತಿದ್ದರೋ ಏನೋ. ಇರಲಿಲ್ಲ. ಇದನ್ನು ಮರೆಯಬಾರದು. ನಮ್ಮ ಒಗ್ಗಟ್ಟಿನಲ್ಲಿ ಅರ್ಧ ಪಾಲು ಭಕ್ತಿಯದ್ದಾದರೆ ಇನ್ನರ್ಧ ಬೇರೆ ದಾರಿ ಇಲ್ಲದ್ದರದು.

ತೊಂದರೆ ಬರುತ್ತಿದ್ದದ್ದು ತಿಂಗಳ ಮೊದಲ ಭಾನುವಾರ, ಕರ್ತನ ಭೋಜನದ ದಿನ. ಸಿ.ಎಸ್.ಐ. ಆರಾಧನೆ ನೋಡದವರಿಗೆ ಹೇಳುತ್ತೇನೆ. ಭೋಜನಕ್ಕೆ ಮುಂಚೆ ಸಮಾಧಾನ ಹಂಚುವುದು ಅಂತ ಒಂದಿದೆ. ಅಯ್ಯನವರು ಪೀಠದ ಹತ್ತಿರ ಇರುವವರಿಗೆ ಕೊಡುತ್ತಾರೆ, ಅವರು ಇಳಿದು ಬಂದು ಪ್ರತಿ ಸಾಲಿನ ಮೊದಲನೆಯವರಿಗೆ ಕೊಡುತ್ತಾರೆ, ಅಲ್ಲಿಂದ ಕೈಯಿಂದ ಕೈಗೆ ಸಾಲಿನ ಕೊನೆಯವರೆಗೆ ಹೋಗಬೇಕು. ಸುಮ್ನೆ ಕೈಕುಲುಕುವುದಲ್ಲ. ನಿಮ್ಮ ಬಲಗೈ ಅವರ ಬಲಗೈಗೆ ತಾಗಬೇಕು, ಇಬ್ಬರೂ ಎಡಗೈಯನ್ನು ಇನ್ನೊಬ್ಬರ ಬಲಗೈ ಮೇಲೆ ಮುಚ್ಚಬೇಕು. ನಾಲ್ಕು ಕೈ ಸೇರಿ ಒಂದು ಗೂಡಿನ ಹಾಗೆ. ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಹಳೆಯ ಕಾಲದಿಂದ ಇದ್ದ ಪದ್ಧತಿ ಇದು. 1950ರಲ್ಲಿ ಸಿ.ಎಸ್.ಐ. ತನ್ನ ಆರಾಧನಾ ಕ್ರಮ ಬರೆದಾಗ ಒಳಗೆ ತಂದಿತು. ಪೀಠದ ಮುಂದೆ ಕಾಣಿಕೆ ಇಡುವ ಮೊದಲು ಹೋಗಿ ನಿನ್ನ ಸಹೋದರನ ಜೊತೆ ರಾಜಿಯಾಗು ಅಂತ ಯೇಸು ಹೇಳಿದ್ದಾರಲ್ಲ, ಅದಕ್ಕೆ ಸರಿಯಾಗಿ ಕಾಣಿಕೆಗೆ ಮುಂಚೆಯೇ ಇಟ್ಟಿದ್ದಾರೆ.

ಈಗ ಯೋಚಿಸಿ. ಕೇಸು ಹಾಕಿದವನ ಕೈಯನ್ನು ಎರಡೂ ಕೈಯಲ್ಲಿ ಮುಚ್ಚಿ ಹಿಡಿಯುವುದು ಹೇಗೆ?

ನಮ್ಮಜ್ಜಿ ಅದಕ್ಕೊಂದು ಉಪಾಯ ಕಂಡುಕೊಂಡರು. ಅಪ್ಪ ಕ್ವಾಯರ್‌ನಲ್ಲಿ ಹಾಡುತ್ತಿದ್ದರಿಂದ ಮುಂದೆ ಕೂರುತ್ತಿದ್ದರು. ಒಂಬತ್ತು ವರ್ಷದ ನನ್ನನ್ನು ತಂದು ದೊಡ್ಡಪ್ಪ ಚಿಕ್ಕಪ್ಪನ ನಡುವೆ ಕೂರಿಸಿದರು. ದೊಡ್ಡಪ್ಪ ನನಗೆ ಕೊಡುವುದು, ನಾನು ಚಿಕ್ಕಪ್ಪನಿಗೆ ಕೊಡುವುದು. ದೊಡ್ಡಪ್ಪನ ಅಂಗೈ ಉಪ್ಪುಕಾಗದದ ಹಾಗೆ, ಉಗುರಿನ ಸಂದಿಯಲ್ಲಿ ಗಂಧಕದ ಪುಡಿಯ ಹಳದಿ. ದ್ರಾಕ್ಷಿಗೆ ಬೂದಿ ರೋಗ ಬಾರದಿರಲಿ ಅಂತ ಹೊಡೆಯುತ್ತಿದ್ದರಲ್ಲ, ಅದು. ಈ ಕಡೆ ತಿರುಗಿದರೆ ಚಿಕ್ಕಪ್ಪನ ಉಗುರಲ್ಲೂ ಅದೇ ಹಳದಿ. ಎರಡು ವರ್ಷ ನಾನು ಆ ಕೆಲಸ ಮಾಡಿದೆ. ಸಂಬಳ ಅಂದರೆ ಅಜ್ಜಿ ಸೆರಗಿನಿಂದ ಬಿಚ್ಚಿ ಕೊಡುತ್ತಿದ್ದ ನಾಲ್ಕಾಣೆ.

ಇನ್ನೊಂದು ಸುಗ್ಗಿ ಹಬ್ಬದ ಹರಾಜು. ನಮ್ಮ ಕಡೆಯವರಿಗೆ ವಿವರಿಸಬೇಕಿಲ್ಲ. ಮನೆಮನೆಯಿಂದ ಬಂದ ರಾಗಿ, ಅವರೆಕಾಯಿ, ಕೋಳಿ, ಮೊಟ್ಟೆ, ಬಾಳೆಗೊನೆ, ಯಾರೋ ಸುಟ್ಟ ಕೇಕು, ಎಲ್ಲವನ್ನೂ ಪೀಠದ ಮುಂದೆ ರಾಶಿ ಹಾಕಿ, ಆಮೇಲೆ ಅಂಗಳದಲ್ಲಿ ಕೂಗುವುದು. ಆ ವರ್ಷ ದೊಡ್ಡಪ್ಪ ಕೊಟ್ಟಿದ್ದು ಒಂದು ಸಿಹಿಗುಂಬಳ. ಅದನ್ನು ಎತ್ತಿ ಹಿಡಿದು ಐದು ರೂಪಾಯಿ ಅಂದರು. ಚಿಕ್ಕಪ್ಪ ಹತ್ತು ಅಂದರು. ಜನ ತಿರುಗಿ ನೋಡಿದರು. ತಾನು ಕೊಟ್ಟ ಕುಂಬಳಕಾಯಿಗೆ ದೊಡ್ಡಪ್ಪನೇ ಇಪ್ಪತ್ತು ಅಂದರು. ಮೂವತ್ತು. ನಲವತ್ತು. ಕೂಗುತ್ತಿದ್ದ ಕಮಿಟಿಯವರಿಗೆ ಖುಷಿಯೋ ಖುಷಿ. ನೂರ ಮೂವತ್ತಕ್ಕೆ ಚಿಕ್ಕಪ್ಪನಿಗೆ ಬಂತು. ಆ ಕಾಲಕ್ಕೆ ಅದು ಸಣ್ಣ ದುಡ್ಡಲ್ಲ. ಚಿಕ್ಕಪ್ಪ ಅದನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗಿ ಪ್ರೀತಿ ಭೋಜನದ ಅಡುಗೆಯವರ ಮುಂದೆ ಇಟ್ಟರು. ಮಧ್ಯಾಹ್ನ ಅದು ಎಲ್ಲರ ಎಲೆಗೂ ಬಂತು, ದೊಡ್ಡಪ್ಪನ ಎಲೆಗೂ. ಅವತ್ತೂ ಇಬ್ಬರೂ ಮಾತಾಡಲಿಲ್ಲ.

ಇಂಗ್ಲೆಂಡಿನ ನಮ್ಮ ಸಭೆಯಲ್ಲಿ ಇಂಥದ್ದನ್ನು ನಾನು 22 ವರ್ಷದಲ್ಲಿ ಒಮ್ಮೆಯೂ ನೋಡಿಲ್ಲ. ಇಲ್ಲಿ ಯಾರೂ ದನಿ ಎತ್ತುವುದಿಲ್ಲ. ಹೂ ಜೋಡಿಸುವವರ ಪಟ್ಟಿ, ಕಾಫಿ ಮಾಡುವವರ ಪಟ್ಟಿ, ಎಲ್ಲ ಅಚ್ಚುಕಟ್ಟು. ಮನಸ್ತಾಪ ಬಂದರೆ? ಒಂದು ಭಾನುವಾರ ಅವರು ಕಾಣುವುದಿಲ್ಲ. ಇನ್ನೊಂದು ಭಾನುವಾರವೂ ಇಲ್ಲ. ಆಮೇಲೆ ಗೊತ್ತಾಗುತ್ತದೆ, ಪಕ್ಕದ ಊರಿನ ಸಭೆಗೆ ಹೋಗುತ್ತಿದ್ದಾರೆ ಅಂತ. ಸೂಪರ್ ಮಾರ್ಕೆಟ್‌ನಲ್ಲಿ ಸಿಕ್ಕರೆ ತುಂಬ ಪ್ರೀತಿಯಿಂದ ಮಾತಾಡುತ್ತಾರೆ. ಹಾಡಿನ ಪುಸ್ತಕ ತೆಗೆದು ಪರದೆ ಹಾಕಿದಾಗ ಹೀಗೆ ನಾಲ್ಕು ಮನೆ ಹೋದವು. ಯಾಕೆ ಹೋದಿರಿ ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳುವುದು ಇಲ್ಲಿ ಒರಟುತನ.

ಹಾಗಂತ ಇವರನ್ನು ಹಳಿಯಲು ಮನಸ್ಸು ಬರುವುದಿಲ್ಲ. ಬಡವರಿಗೆ ದಿನಸಿ ಹಂಚುವ ಫುಡ್ ಬ್ಯಾಂಕನ್ನು ಮೆಥೊಡಿಸ್ಟರು, ಆಂಗ್ಲಿಕನ್ನರು, ಕಥೋಲಿಕರು ಸೇರಿಯೇ ನಡೆಸುತ್ತಾರೆ. ಶುಭ ಶುಕ್ರವಾರ ಮೂರೂ ಸಭೆಯವರು ಒಂದೇ ಶಿಲುಬೆ ಹೊತ್ತು ಪೇಟೆಯಲ್ಲಿ ನಡೆಯುತ್ತಾರೆ. ಕಾಗದದ ಮೇಲೆ ಬೇರೆ, ಕೆಲಸದಲ್ಲಿ ಒಂದು. ನಮ್ಮಲ್ಲಿ ಎಷ್ಟೋ ಸಲ ಇದರ ಉಲ್ಟಾ. 1947ರಲ್ಲಿ ಪಂಗಡ ಹೋಯಿತು, ಜಾತಿ ಹೋಯಿತಾ? ಒಂದೇ ಬಟ್ಟಲಿನಿಂದ ಕುಡಿದವರೇ ಮದುವೆ ಮಾತು ಬಂದಾಗ "ಅವರು ಯಾವ ಜನ?" ಅಂತ ದನಿ ತಗ್ಗಿಸಿ ಕೇಳುತ್ತಾರೆ. ಕಮಿಟಿ ಚುನಾವಣೆ ಬಂದರೆ ಪಂಚಾಯ್ತಿ ಚುನಾವಣೆ ಮೂಲೆಗೆ ಹೋಗಬೇಕು. ನಮ್ಮೂರಲ್ಲಿ ಕನ್ನಡ ಆರಾಧನೆಯಲ್ಲಿ ತೆಲುಗು ಹಾಡು ಹಾಡಬಹುದೋ ಅನ್ನುವುದಕ್ಕೆ ಒಂದು ವರ್ಷ ರಂಪ ಆಗಿದೆ. ಹಾಡಬಾರದು ಅಂದವರೆಲ್ಲ ಮನೆಯಲ್ಲಿ ಮಾತಾಡುವುದು ತೆಲುಗೇ, ಅದು ಬೇರೆ ಮಾತು.

ಸಹೋದರರು ಒಂದಾಗಿರುವುದು ಎಷ್ಟು ಚಂದ ಅನ್ನುವ ಬೈಬಲ್ಲಿನ 133ನೇ ಕೀರ್ತನೆಯನ್ನು ಎರಡೂ ಕಡೆ ಓದುತ್ತಾರೆ. ಇಲ್ಲಿ ಓದಿದಾಗ ನನಗೆ ಯಾಕೋ ಅದು ಗೋಡೆಗೆ ಹಾಕಿದ ಫ್ರೇಮಿನ ಹಾಗೆ ಕೇಳಿಸುತ್ತದೆ. ಆ ಕೀರ್ತನೆಯಲ್ಲಿರುವುದು ಎಣ್ಣೆ. ಮಹಾಯಾಜಕ ಆರೋನನ ತಲೆಗೆ ಹೊಯ್ದದ್ದು ಗಡ್ಡಕ್ಕೆ ಇಳಿದು, ಅಂಗಿಯ ಕೊರಳಪಟ್ಟಿಗೂ ಹತ್ತುತ್ತದೆ. ಎಣ್ಣೆ ಅಂದರೆ ಜಿಡ್ಡು. ಒಮ್ಮೆ ಹತ್ತಿದರೆ ಬಟ್ಟೆ ಬಿಡುವುದಿಲ್ಲ. ಪೌಲ ಕೂಡ ಫಿಲಿಪ್ಪಿಯವರಿಗೆ ಬರೆಯುವಾಗ ಯುವೊದ್ಯ, ಸಂತುಕೆ ಅಂತ ಇಬ್ಬರು ಹೆಂಗಸರ ಹೆಸರು ಹಿಡಿದೇ ಒಂದೇ ಮನಸ್ಸಿನಿಂದ ಇರಿ ಅಂತ ಬೇಡಿಕೊಳ್ಳುತ್ತಾನೆ. ಇಡೀ ಸಭೆಯ ಮುಂದೆ ಓದುವ ಕಾಗದದಲ್ಲಿ! ಆ ಇಬ್ಬರಿಗೆ ಹೇಗಾಗಿರಬೇಡ? ಆದರೂ ಅವರು ಎದ್ದು ಇನ್ನೊಂದು ಸಭೆಗೆ ಹೋಗುವ ಹಾಗಿರಲಿಲ್ಲ. ಫಿಲಿಪ್ಪಿಯೂ ಆಗ ನಮ್ಮ ಚಿಕ್ಕಬಳ್ಳಾಪುರದ ಹಾಗೆಯೇ ಇತ್ತು ಅಂತ ಕಾಣುತ್ತದೆ.

ಈಗ ನಮ್ಮೂರೂ ಬದಲಾಗಿದೆ. ಬಾಡಿಗೆ ಮಳಿಗೆಗಳಲ್ಲಿ, ಮಹಡಿಗಳ ಮೇಲೆ ಹೊಸ ಹೊಸ ಸಭೆಗಳಿವೆ. ಮುನಿಸಿಕೊಂಡವರಿಗೆ ಹೋಗಲು ಜಾಗ ಬೇಕಾದಷ್ಟು. ಹೋಗುತ್ತಿದ್ದಾರೆ ಕೂಡ, ಯಾರ್ಕ್‌ಶೈರ್‌ನವರ ಹಾಗೆಯೇ. ಆದರೆ ನಗುನಗುತ್ತಾ ಅಲ್ಲ, ಬೈದುಕೊಂಡು.

ಹೋದ ವರ್ಷ ಊರಿಗೆ ಹೋಗಿದ್ದೆ. ದೊಡ್ಡಪ್ಪ ತೀರಿಕೊಂಡು ಒಂಬತ್ತು ವರ್ಷ. ಬಾವಿ ಬತ್ತಿ ಎಷ್ಟೋ ಕಾಲವಾಗಿದೆ, ದ್ರಾಕ್ಷಿ ತೋಟದ ಅರ್ಧ ಲೇಔಟ್ ಆಗಿದೆ. ಕೇಸು ಮಾತ್ರ ಚೆನ್ನಾಗಿದೆ, ದೊಡ್ಡಪ್ಪನ ಮಗನಿಗೆ ಬಂದಿದೆ. ತಿಂಗಳ ಮೊದಲ ಭಾನುವಾರವಾಗಿತ್ತು. ಸ್ವಲ್ಪ ತಡವಾಗಿ ಹೋಗಿ ಹಿಂದೆ ಎಲ್ಲೋ ಕೂರೋಣ ಅಂದುಕೊಂಡೆ. ಕಿಟಕಿ ಪಕ್ಕದ ಮೂರನೇ ಬೆಂಚಿನಿಂದ ಚಿಕ್ಕಪ್ಪ ತಿರುಗಿ ನೋಡಿದರು. ಎಂಬತ್ತು ದಾಟಿದೆ, ಕಣ್ಣು ಮಂಜು, ಆದರೆ ನನ್ನನ್ನು ಗುರುತು ಹಿಡಿದರು. ಅವರಿಂದ ಒಂದು ಆಳಿನಷ್ಟು ಜಾಗ ಬಿಟ್ಟು ದೊಡ್ಡಪ್ಪನ ಮಗ ಕೂತಿದ್ದ.

ಚಿಕ್ಕಪ್ಪ ಖಾಲಿ ಜಾಗವನ್ನು ಅಂಗೈಯಿಂದ ಎರಡು ಸಲ ತಟ್ಟಿದರು. ತಲೆ ಅರ್ಧ ಬೆಳ್ಳಗಾದ ನಾನು ಹೋಗಿ ನಡುವೆ ಕೂತೆ.

"ಇವತ್ತು ಭೋಜನ ಐತೆ ಕಣೋ" ಅಂದರು ಮೆಲ್ಲಗೆ. "ಎದ್ದು ಹೋಗ್ಬೇಡ."