ತೆರಿಗೆ ಕಡಿತದ ನಷ್ಟ ತಾನಾಗಿ ತುಂಬಿಬರುವುದಿಲ್ಲ

ತೆರಿಗೆ ಇಳಿಸಿದರೆ ಆರ್ಥಿಕತೆ ಬೆಳೆದು, ಬಿಟ್ಟುಕೊಟ್ಟ ವರಮಾನವೆಲ್ಲ ಅಮೆರಿಕದ ಖಜಾನೆಗೆ ಮರಳುತ್ತದೆ ಎಂದು ತೆರಿಗೆ ಕಡಿತವನ್ನು ಸಮರ್ಥಿಸುವ ಲೇಖನವೊಂದರ ಲೇಖಕರು ಹೇಳುವ ಮಾತನ್ನು ನಾನು ಒಪ್ಪಲಾರೆ. 2017ರ ಡಿಸೆಂಬರ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ಒಂದು ಮತವೂ ಇಲ್ಲದೆ ರಿಪಬ್ಲಿಕನ್ನರು ಅಂಗೀಕರಿಸಿದ ಕಾಯ್ದೆಯು ಕಂಪನಿಗಳ ಮೇಲಿನ ತೆರಿಗೆಯನ್ನು ಶೇ 35ರಿಂದ ಶೇ 21ಕ್ಕೆ ಇಳಿಸಿತು. ಅಮೆರಿಕ ಸಂಸತ್ತಿನದೇ ಆದ, ಯಾವ ಪಕ್ಷಕ್ಕೂ ಸೇರದ ಬಜೆಟ್ ಕಚೇರಿಯು ಬೆಳವಣಿಗೆಯಿಂದ ಬರಬಹುದಾದ ಹೆಚ್ಚುವರಿ ವರಮಾನವನ್ನೂ ಲೆಕ್ಕಕ್ಕೆ ಹಿಡಿದ ಮೇಲೆಯೇ, ಈ ಕಾಯ್ದೆಯಿಂದ 2028ರವರೆಗಿನ ಒಟ್ಟು ಬಜೆಟ್ ಕೊರತೆ (ವರಮಾನವನ್ನು ಮೀರಿದ ಸರ್ಕಾರಿ ವೆಚ್ಚ) ಸುಮಾರು 1.9 ಲಕ್ಷ ಕೋಟಿ ಡಾಲರ್‌ನಷ್ಟು ಹೆಚ್ಚುತ್ತದೆ ಎಂದು 2018ರ ಏಪ್ರಿಲ್‌ನಲ್ಲಿ ಅಂದಾಜಿಸಿತ್ತು. ಆರ್ಥಿಕ ಹಿಂಜರಿತವಿಲ್ಲದ, ನಿರುದ್ಯೋಗವೂ ಬಹಳ ಕಡಿಮೆಯಿದ್ದ 2019ರ ಹಣಕಾಸು ವರ್ಷದಲ್ಲಿ ಕೊರತೆ 98,000 ಕೋಟಿ ಡಾಲರ್ ದಾಟಿತು. ಅಂಥ ಒಳ್ಳೆಯ ಕಾಲದಲ್ಲಿ ಅದು ಇಳಿಯಬೇಕಿತ್ತು ಎಂಬುದೇ ನನ್ನ ಆತಂಕ.

1998ರಿಂದ 2001ರವರೆಗಿನ ನಾಲ್ಕು ಮಿಗತೆ ಬಜೆಟ್‌ಗಳನ್ನು (ವೆಚ್ಚಕ್ಕಿಂತ ವರಮಾನ ಹೆಚ್ಚಿದ್ದವು) ಲೇಖಕರು ವೆಚ್ಚ ಕಡಿತದ ಫಲವೆಂದಷ್ಟೇ ನೋಡುತ್ತಾರೆ. ವೆಚ್ಚದ ಮಿತಿ, ಶೇರುಪೇಟೆಯ ಏರಿಕೆ ಎರಡೂ ನೆರವಾದವು, ನಿಜ. ಆದರೆ ಶ್ರೀಮಂತರ ಆದಾಯ ತೆರಿಗೆಯ ಗರಿಷ್ಠ ದರವನ್ನು ಶೇ 39.6ಕ್ಕೆ ಏರಿಸಿದ 1993ರ ಕಾಯ್ದೆಯನ್ನು ಈ ಲೆಕ್ಕದಿಂದ ಬಿಡುವುದು ಸರಿಯಲ್ಲ. ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಮತಗಳು ಸಮನಾದಾಗ ಉಪಾಧ್ಯಕ್ಷ ಆಲ್ ಗೋರ್ ಅವರ ಮತದಿಂದ ಅದು ಗೆದ್ದಿತು. ರಿಪಬ್ಲಿಕನ್ನರಲ್ಲಿ ಒಬ್ಬರೂ ಬೆಂಬಲಿಸಲಿಲ್ಲ. ಅದಕ್ಕೂ ಮೂರು ವರ್ಷ ಮೊದಲು, ಹೊಸ ತೆರಿಗೆ ಹಾಕುವುದಿಲ್ಲವೆಂಬ ತಮ್ಮ ಚುನಾವಣಾ ವಚನವನ್ನು ಬದಿಗಿಟ್ಟು ತೆರಿಗೆ ಏರಿಕೆಗೆ ಒಪ್ಪಿದ ಹಿರಿಯ ಜಾರ್ಜ್ ಬುಷ್ ಸ್ವತಃ ರಿಪಬ್ಲಿಕನ್ ಅಧ್ಯಕ್ಷರಾಗಿದ್ದರು.