ಎಲ್ಲ ಗೇಮ್‌ಗಳನ್ನೂ ಒಂದೇ ತಕ್ಕಡಿಗೆ ಹಾಕಬೇಡಿ

ವಿಡಿಯೋ ಗೇಮ್‌ನಿಂದ ಹೊತ್ತು ಹಾಳು, ಕಲಿಯುವುದು ಏನೂ ಇಲ್ಲ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ಶೈಕ್ಷಣಿಕ ಆಪ್‌ಗಳನ್ನೂ ಬೈದಿದ್ದೀರಿ. ಎಲ್ಲ ಗೇಮ್‌ಗೂ ಇದೇ ಮಾತು ಅಂದ್ರೆ ಹೇಗೆ? ರಾಕೆಟ್ ಕಟ್ಟಿ ಬಾಹ್ಯಾಕಾಶಕ್ಕೆ ಹಾರಿಸುವ ಗೇಮ್ ಕರ್ಬಲ್ ಸ್ಪೇಸ್ ಪ್ರೋಗ್ರಾಮ್ ಒಮ್ಮೆ ಆಡಿ ನೋಡಿ. ಒಂದೇ ಕಕ್ಷೆಯಲ್ಲಿ ಮುಂದೆ ಹೋಗುತ್ತಿರುವ ನೌಕೆಯನ್ನು ಹಿಡಿಯೋಣ ಅಂತ ಸುಮ್ನೆ ಎಂಜಿನ್ ಜೋರು ಮಾಡಿದರೆ ನೀವು ಮೇಲಿನ ಕಕ್ಷೆಗೆ ಏರಿ, ಒಂದು ಸುತ್ತಿಗೆ ಜಾಸ್ತಿ ಹೊತ್ತು ಹಿಡಿದು, ಇನ್ನೂ ಹಿಂದೆ ಬೀಳುತ್ತೀರಿ. ಹಿಡಿಯಬೇಕಾದರೆ ವೇಗ ತಗ್ಗಿಸಿ ಕೆಳಗಿಳಿಯಬೇಕು! ಪುಸ್ತಕದಲ್ಲಿ ಇದು ಬರೀ ಸೂತ್ರ, ಪರೀಕ್ಷೆ ಮುಗಿದರೆ ಮರೆತೇ ಹೋಗುತ್ತದೆ. ಇಲ್ಲಿ ಇಂಧನ ಖಾಲಿಯಾಗಿ ತೇಲುತ್ತಾ ಉಳಿದಾಗ ಚೆನ್ನಾಗಿ ತಲೆಗೆ ಹತ್ತುತ್ತದೆ.

ಇನ್ನು ಫೋಲ್ಡಿಟ್. ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2008ರಲ್ಲಿ ತಂದ ಆಟ; ಪ್ರೋಟೀನ್ ಅಣು ಯಾವ ಆಕಾರಕ್ಕೆ ಮಡಚಿಕೊಳ್ಳುತ್ತದೆ ಅಂತ ಕಂಪ್ಯೂಟರ್ ಪರದೆ ಮೇಲೆ ಹುಡುಕುವುದು. ವಿಜ್ಞಾನಿಗಳಿಗೆ ವರ್ಷಗಟ್ಟಲೆ ಸಿಗದಿದ್ದ, ಮಂಗಗಳ ವೈರಸ್ ಒಂದರ ಕಿಣ್ವದ ರಚನೆಯನ್ನು ಆಟಗಾರರು ಕೆಲವೇ ವಾರಗಳಲ್ಲಿ ಬಿಡಿಸಿದರು. 2011ರಲ್ಲಿ ಅದು ಪ್ರಕಟವೂ ಆಯಿತು. ಅಲ್ಲಿ ಆಡುವವರಲ್ಲಿ ಬಹಳ ಜನ ಜೀವರಸಾಯನ ಓದಿದವರಲ್ಲ.

ಆದರೆ ‘ಶೈಕ್ಷಣಿಕ’ ಅಂತ ಹಣೆಪಟ್ಟಿ ಹಚ್ಚಿಕೊಂಡ ಆಪ್‌ಗಳ ಮೇಲೆ ನಿಮಗಿರುವ ಸಿಟ್ಟು ನ್ಯಾಯವೇ. ಲೆಕ್ಕ ಸರಿಯಾದರೆ ನಕ್ಷತ್ರ, ತಪ್ಪಾದರೆ ಟುಂಯ್ ಅಂತ ಸದ್ದು, ಅಷ್ಟೇ ಅಲ್ವಾ? ಲೆಕ್ಕಕ್ಕೂ ಆಟಕ್ಕೂ ಸಂಬಂಧವೇ ಇಲ್ಲ. ಅಂಥದ್ದಕ್ಕೆ ದುಡ್ಡು ಕೊಡುವ ಬದಲು ಸ್ಲೇಟು ಬಳಪವೇ ವಾಸಿ.