ಕಾರು ಗುಜರಿಗೆ ಕೊಡೋ ಮುಂಚೆ ಒಂದ್ಸಲ ಕೆಳಗೆ ಬಗ್ಗಿ ನೋಡಿ

ಹೋದ ವಾರ ಫ್ರೆಂಡ್ ಒಬ್ಬ ಫೋನ್ ಮಾಡಿ, ಇಂಜಿನ್ ಸೀಜ್ ಆಗಿದೆ ಕಣೋ, ಗುಜರಿಯವ್ನು ಬಂದು ಒಂದು ರೇಟ್ ಹೇಳಿದಾನೆ, ನಾಳೆ ಬೆಳಿಗ್ಗೆನೇ ಎತ್ಕೊಂಡು ಹೋಗ್ತಾನಂತೆ, ಕೊಟ್ಬಿಡ್ಲಾ ಅಂದ. ಬೇಡ್ವೋ ಮಾರಾಯ, ಎರಡು ದಿನ ತಡಿ ಅಂದೆ. ಯಾಕಂದ್ರೆ ಇದೇ ತಪ್ಪನ್ನ ನಾನು ಚೆನ್ನಾಗಿ, ವಿವರವಾಗಿ ಮಾಡಿ ಮುಗಿಸಿದೀನಿ.

ನನ್ ಹಳೇ ಕಾರು ಆಕ್ಸಿಡೆಂಟಲ್ಲಿ ಮುಂದಿನ ಭಾಗ ಜಜ್ಜಿ ಹೋಗಿ ಆರು ತಿಂಗಳು ಮನೆ ಮುಂದೆ ನಿಂತಿತ್ತು. ಟೈರು ಗಾಳಿ ಇಳಿದು ನೆಲಕ್ಕೆ ಕೂತಿದ್ವು, ವೈಪರ್ ಸಂದಿಲೆಲ್ಲ ಒಣಗಿದ ಎಲೆ, ಬಾಗಿಲು ತೆಗೆದ್ರೆ ಮುಗ್ಗು ವಾಸನೆ. ಕೊಳ್ಳೋಕೆ ಬಂದವನು ಜಜ್ಜಿದ ಬಾನೆಟ್ ಕಡೆ ಸರಿಯಾಗಿ ನೋಡ್ಲೂ ಇಲ್ಲ, ಸೀದಾ ಮೊಣಕಾಲೂರಿ ಮೊಬೈಲ್ ಟಾರ್ಚ್ ಬಿಟ್ಟು ಕಾರಿನ ಕೆಳಗೆ ಇಣುಕಿದ, ಸೈಲೆನ್ಸರ್ ಪೈಪಿಗೆ ಬೆರಳ ಗೆಣ್ಣಲ್ಲಿ ಎರಡು ಸಲ ಟಕ್ ಟಕ್ ಅಂತ ಕುಟ್ಟಿದ, ಎದ್ದು ಪ್ಯಾಂಟ್ ಕೊಡವಿಕೊಂಡು "ಪೂರ್ತಿ ತುಕ್ಕು ಸಾರ್, ತಗಡಿನ ರೇಟಷ್ಟೇ ಬರೋದು" ಅಂದ. ನಾನು ಪಾಪ ಅನ್ನೋ ಹಾಗೆ ತಲೆ ಆಡಿಸಿ ಕೀ ಕೊಟ್ಟೆ. ಅವನು ಕುಟ್ಟಿ ನೋಡಿದ್ದು ಏನನ್ನ ಅಂತ ಗೊತ್ತಾಗಿದ್ದು ತಿಂಗಳಾದ್ಮೇಲೆ ಮೆಕ್ಯಾನಿಕ್ ಹತ್ರ ಮಾತಾಡುವಾಗ.

ಅದು ಕ್ಯಾಟಲಿಟಿಕ್ ಕನ್ವರ್ಟರ್. ಹೊಗೆ ಹೋಗೋ ದಾರಿಲಿ ಕೂತಿರೋ ಡಬ್ಬಿ, ಒಳಗೆ ಜೇನುಗೂಡಿನ ಥರ ತೂತು ತೂತಾಗಿರೋ ಸೆರಾಮಿಕ್, ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪನ. ಇರೋದು ಕೆಲವೇ ಗ್ರಾಂ, ಆದ್ರೆ ಈ ಲೋಹಗಳ ಬೆಲೆ ಕಬ್ಬಿಣದ ಜೊತೆ ಹೋಲಿಸೋ ಮಾತೇ ಅಲ್ಲ. ಕಾರುಗಳ ಕೆಳಗಿಂದ ಇದನ್ನೇ ಕೊಯ್ದು ಕದಿಯೋ ಕಳ್ಳರು ಪ್ರಪಂಚದಲ್ಲೆಲ್ಲಾ ಇದಾರೆ, ಸುಮ್ನೆ ಕದೀತಾರಾ? ಕಂಪನಿಯಿಂದ ಕಾರಿನ ಜೊತೆನೇ ಬಂದ ಒರಿಜಿನಲ್ ಆದ್ರೆ ಜಾಸ್ತಿ ಬೆಲೆ, ಆಮೇಲೆ ಹೊರಗಡೆ ಹಾಕಿಸಿದ್ದಾದ್ರೆ ಸಾಮಾನ್ಯವಾಗಿ ಕಮ್ಮಿ, ತುಂಬಾ ಹಳೇ ಗಾಡೀಲಿ ಇರೋದೇ ಇಲ್ಲ.

ಅವತ್ತಿಂದ ನಂಗೊಂದು ಅಭ್ಯಾಸ. ಕೊಳ್ಳೋಕೆ ಬಂದವನ ಬಾಯಿ ಏನು ಹೇಳ್ತಿದೆ ಅಂತ ಕೇಳೋದು ಬಿಟ್ಟು, ಕಣ್ಣು ಎಲ್ಲೆಲ್ಲಿ ಹೋಗ್ತಿದೆ ನೋಡ್ತೀನಿ. ಬಾಯಿ ಡೆಂಟು, ತುಕ್ಕು, ಹರಿದ ಸೀಟು ಅಂತಿರುತ್ತೆ. ಕಣ್ಣು ಮಾತ್ರ ಅಲಾಯ್ ವೀಲ್ ಮೇಲೆ, ಬ್ಯಾಟರಿ ಮೇಲೆ, ಒಡೆಯದೆ ಉಳಿದಿರೋ ಹಿಂದಿನ ಲೈಟುಗಳ ಮೇಲೆ. ಅಲಾಯ್ ವೀಲ್ ಅಂದ್ರೆ ಅಲ್ಯೂಮಿನಿಯಂ, ಬ್ಯಾಟರಿ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸೀಸ, ವೈರಿಂಗು ಆಲ್ಟರ್ನೇಟರು ಸ್ಟಾರ್ಟರ್ ಮೋಟರಲ್ಲಿ ತಾಮ್ರ. ಇದನ್ನೆಲ್ಲ ಒಟ್ಟಿಗೆ "ತಗಡು" ಅಂತ ಕರೆದು ಕೆಜಿ ಲೆಕ್ಕದಲ್ಲಿ ತಗೊಂಡ್ರೆ ತಾಮ್ರನೂ ಕಬ್ಬಿಣದ ರೇಟಿಗೇ ಹೋಯ್ತು ಅಂತ ಅರ್ಥ.

ಹಾಗಂತ ತೂಕದ ಲೆಕ್ಕ ಬೇಡ ಅಂತಿಲ್ಲ, ಅದು ನಮ್ಮ ಕೈಲಿರೋ ಕನಿಷ್ಠ ರೇಟು. ಖಾಲಿ ಕಾರಿನ ತೂಕ ಮ್ಯಾನುಯಲ್‌ನಲ್ಲಿ ಕರ್ಬ್ ವೆಯ್ಟ್ ಅಂತ ಇರುತ್ತೆ, ಸಣ್ಣ ಕಾರಾದ್ರೆ 1000 ಕೆಜಿ ಆಸುಪಾಸು. ಆ ದಿನದ ಸ್ಕ್ರ್ಯಾಪ್ ರೇಟ್ ವಿಚಾರಿಸಿ ಗುಣಿಸಿಟ್ಕೊಳ್ಳಿ. ರೇಟು ಏರಿಳಿತಾ ಇರುತ್ತೆ, ಹೋದ ವರ್ಷ ಪಕ್ಕದ ಮನೆಯವರಿಗೆ ಸಿಕ್ಕಿದ್ದು ಇವತ್ತಿಗೆ ಲೆಕ್ಕವಲ್ಲ. ಎಲ್ಲಾ ಭಾಗ ಇರೋ ಗಾಡಿಗೆ ನೀವು ಗುಣಿಸಿಟ್ಟ ಮೊತ್ತಕ್ಕಿಂತ ತುಂಬಾ ಕೆಳಗೆ ಯಾರಾದ್ರೂ ಹೇಳಿದ್ರೆ ಟೀ ಕುಡಿಸಿ ಕಳಿಸಿ.

ಗುಜರಿಯವನು ಒಬ್ಬನೇ ಗಿರಾಕಿ ಅಂದ್ಕೊಳ್ಳೋದೇ ದೊಡ್ಡ ಎಡವಟ್ಟು. ಅವನು ತೂಕ ನೋಡ್ತಾನೆ, ಬಿಚ್ಚಿ ಪಾರ್ಟ್ ಮಾರೋನು ಬಾಗಿಲು, ಗೇರ್ ಬಾಕ್ಸ್, ಡ್ಯಾಶ್‌ಬೋರ್ಡ್ ನೋಡ್ತಾನೆ, ರಿಪೇರಿ ಮಾಡಿ ಓಡಿಸೋ ಮೆಕ್ಯಾನಿಕ್ ಇಡೀ ಗಾಡಿನೇ ನೋಡ್ತಾನೆ. ಒಂದೇ ಕಾರು, ಮೂರು ಜನಕ್ಕೆ ಮೂರು ವಸ್ತು. ಮುಂದೆ ಮಾತ್ರ ಜಜ್ಜಿರೋ ಕಾರನ್ನ ತೂಕಕ್ಕೆ ಹಾಕೋದು, ಇಂಜಿನ್ ಮಾತ್ರ ಹೋಗಿರೋ ಕಾರನ್ನ ತೂಕಕ್ಕೆ ಹಾಕೋದು, ನನ್ ಪ್ರಕಾರ ಶುದ್ಧ ಸೋಮಾರಿತನ (ನಂದೂ ಸೇರಿ).

ಒಂದು ಮಾತು ಅವರ ಪರವಾಗಿನೂ ಹೇಳ್ಬೇಕು. ಟೋಯಿಂಗ್ ಖರ್ಚು, ಆಯಿಲ್ ಕೂಲೆಂಟ್ ಇಳಿಸೋದು, ಏರ್‌ಬ್ಯಾಗ್ ಹುಷಾರಾಗಿ ತೆಗೆಯೋದು, ಮಾರಾಟ ಆಗೋವರೆಗೂ ಪಾರ್ಟ್ ಇಟ್ಕೊಳ್ಳೋಕೆ ಜಾಗ, ಎಲ್ಲಾ ಅವರದ್ದೇ. ಪಾರ್ಟ್‌ಗಳ ಬೆಲೆ ಎಲ್ಲಾ ಕೂಡಿಸಿ ಅಷ್ಟೇ ಕೊಡಿ ಅಂದ್ರೆ ಯಾರೂ ಕೊಡಲ್ಲ, ಕೊಡೋದು ನ್ಯಾಯನೂ ಅಲ್ಲ. ಹಾಗೇ ನಾವೂ ಇರೋದನ್ನ ಇದ್ದಂಗೆ ಹೇಳ್ಬೇಕು, ಗೇರ್ ಬೀಳಲ್ಲ, ಬ್ಯಾಟರಿ ತೆಗೆದಿದೀನಿ, ನೀರು ಒಳಗೆ ಹೋಗಿತ್ತು ಅಂತ ಫೋಟೋ ಸಮೇತ ಮೊದ್ಲೇ ಕಳಿಸಿ. ಒಳ್ಳೇತನಕ್ಕೆ ಹೇಳ್ತಿಲ್ಲ ಇದನ್ನ. ಮುಚ್ಚಿಟ್ರೆ ಕೊನೇ ಗಳಿಗೇಲಿ ರೇಟ್ ಕಡಿಯೋಕೆ ನೆಪ ನಾವೇ ಕೊಟ್ಟಂಗೆ.

ಆ ಕೊನೇ ಗಳಿಗೆ ಇದ್ಯಲ್ಲ, ಅಲ್ಲೇ ತುಂಬಾ ಜನ ಸೋಲೋದು. ಫೋನಲ್ಲಿ ಒಂದು ರೇಟು, ಟೋಯಿಂಗ್ ಗಾಡಿ ಬಂದು ಹಗ್ಗ ಕಟ್ಟಿ ಕಾರು ಅರ್ಧ ಮೇಲೇರಿದ್ಮೇಲೆ ಇನ್ನೊಂದು ರೇಟು, ಮೇಲಿಂದ "ಎತ್ತೋ ಖರ್ಚು ಬೇರೆ ಸಾರ್". ನಮಗೆ ಆಗ ಹೋದ್ರೆ ಸಾಕಪ್ಪಾ ಅನ್ಸಿರುತ್ತೆ. ಅದಕ್ಕೆ ರೇಟು, ಎತ್ತೋ ಖರ್ಚು ಯಾರದ್ದು, ದುಡ್ಡು ಯಾವಾಗ, ಮೂರನ್ನೂ ಮೆಸೇಜಲ್ಲಿ ಬರೆಸ್ಕೊಳ್ಳಿ. ದುಡ್ಡು ಅಕೌಂಟಿಗೆ ಬಿದ್ದ ಮೇಲೆನೇ ಚಕ್ರ ಅಲ್ಲಾಡ್ಬೇಕು. ಮಾತು ಬದಲಾದ್ರೆ ಇಳಿಸಿ ಅನ್ನಿ, ಖಾಲಿ ಗಾಡಿ ವಾಪಸ್ ಹೋದ್ರೆ ಅವರಿಗೂ ನಷ್ಟನೇ.

ಇನ್ಶೂರೆನ್ಸ್ ಕ್ಲೇಮ್ ನಡೀತಿದ್ರೆ ಅದು ಮುಗಿಯೋವರೆಗೂ ಮಾರೋ ಮಾತೇ ಬೇಡ. ರಿಜಿಸ್ಟ್ರೇಷನ್ ನಿಮ್ ಹೆಸರಿಂದ ತೆಗೆಸೋದು ಯಾವ ಊರಾದ್ರೂ ಮರೀಬೇಡಿ, ಇಲ್ಲಾಂದ್ರೆ ನಾಳೆ ಆ ನಂಬರಲ್ಲಿ ಏನೇ ಆದ್ರೂ ಮೊದಲು ತಟ್ಟೋದು ನಿಮ್ ಮನೆ ಬಾಗಿಲೇ.

ಫ್ರೆಂಡ್ ಇನ್ನೂ ಮೂರು ಜನಕ್ಕೆ ಫೋಟೋ ಕಳಿಸ್ದ. ಅದರಲ್ಲೊಬ್ಬನಿಗೆ ಅದೇ ಮಾಡೆಲ್ಲಿನ ಗೇರ್ ಬಾಕ್ಸ್ ಬೇಕಿತ್ತಂತೆ, ಮೊದಲನೆಯವನು ಹೇಳಿದ್ದಕ್ಕಿಂತ ಹೆಚ್ಚುಕಮ್ಮಿ ಒಂದೂವರೆ ಪಟ್ಟು ಕೊಟ್ಟು ತಗೊಂಡು ಹೋದ. ಫ್ರೆಂಡ್ ಖುಷಿಲಿ ಫೋನ್ ಮಾಡ್ದ, ಐದು ನಿಮಿಷ ಬಿಟ್ಟು ಮತ್ತೆ ಫೋನು, "ಲೋ, ಡಿಕ್ಕೀಲಿ ಹೊಸಾ ಸ್ಟೆಪ್ನಿ ಇತ್ತು ಕಣೋ, ಹೇಳೋದೇ ಮರ್ತೆ."